ಬುಗುರಿಯ ಪಥ್ಯ

ನಗಬೇಡಿ. ಮೊನ್ನೆ ಒಬ್ಬ, "ತಾತಾ, ಹೋದ ಸಲ ಆ ಹುಡುಗಿಗೆ ಎರಡು ಜಡೆ ಇತ್ತು, ಈ ಸಲ ಒಂದೇ ಜಡೆ ಅಂತೀರ. ನಿಮಗೆ ಮರೆವು" ಎಂದು ತಪ್ಪು ಹಿಡಿದು ಫೋನಿಗೆ ಮೆಸೇಜು ಕಳಿಸಿದ್ದಾನೆ. ಅಯ್ಯಾ ಬುದ್ಧಿವಂತ, ಆ ಹುಡುಗಿ ಬೆಳಿಗ್ಗೆ ಎರಡು ಜಡೆ ಹಾಕಿಸಿಕೊಂಡು ಹೋಗಿ, ಸಂಜೆಗೆ ಒಂದನ್ನು ಬಿಚ್ಚಿ ಹಾಕಿಕೊಂಡು ಬರುತ್ತಿದ್ದಳು. ಎರಡೂ ನಿಜ. ನನ್ನ ಕನ್ನಡಕ ಎಲ್ಲಿಟ್ಟೆ ಎನ್ನುವುದು ನನಗೆ ನೆನಪಿರುವುದಿಲ್ಲ, ಒಪ್ಪಿದೆ. ಆದರೆ ಆ ದರ್ಜಿಯ ಅಂಗಡಿಯ ಬೆಂಚಿನ ಮೇಲೆ ಕೂತು ಕಣ್ಣಾರೆ ಕಂಡದ್ದನ್ನು, ಕಾಣದ್ದನ್ನು ಅವನ ಬಾಯಿಂದಲೇ ಕೇಳಿದ್ದನ್ನು ಮರೆಯುವಷ್ಟು ಇನ್ನೂ ಹಾಳಾಗಿಲ್ಲ. ಅನುಮಾನ ಇದ್ದವರು ಇಲ್ಲೇ ಎದ್ದು ಹೋಗಿ. ಉಳಿದವರು ಮಧ್ಯೆ ಬಾಯಿ ಹಾಕಬೇಡಿ.

ದರ್ಜಿ ಎಂದರೆ ರಿಪೇರಿ ದರ್ಜಿ. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಬಿಚ್ಚಿಕೊಡುವುದು, ಸಣ್ಣಗಾದವರಿಗೆ ಒಳಗೆ ಹಿಡಿದುಕೊಡುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದಕ್ಕೊಂದು ಪರದೆ, ಪರದೆಯ ಆಚೆ ಅಡುಗೆಮನೆ. ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಕೋಳಿ ಕೂಗುವ ಮೊದಲೇ ಡಿಪೋಗೆ ಹೋದರೆ ಮಧ್ಯಾಹ್ನದ ಮೇಲೇ ಮನೆ. ಒಬ್ಬಳೇ ಮಗಳು. ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಬುಗುರಿ ಎಂದೇ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಮಾತು ಶುರು ಮಾಡಿದರೆ ಒಂದು ಮಾತಿನ ಬಾಲ ಹಿಡಿದು ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು. ಶಾಲೆಯಿಂದ ದಿನಾ ಒಂದೇ ದೂರು, ಗಮನ ಕೊಡಲ್ಲ ಎಂದು.

ಮನೆಯ ನಾಲ್ಕನೆಯ ಜೀವ ಹೆಂಡತಿಯ ತಾಯಿ. ಕಾಂಪೌಂಡರಮ್ಮ ಎಂದರೆ ಆ ಕಾಲದವರಿಗೆಲ್ಲ ಗೊತ್ತು. ಹಳೇ ಔಷಧಾಲಯವೊಂದರಲ್ಲಿ ಡಾಕ್ಟರು ಬರೆದದ್ದನ್ನು ಅರೆದು, ಪುಡಿ ಮಾಡಿ, ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದವರು. ಔಷಧಾಲಯ ಮುಚ್ಚಿದಾಗ ಅಲ್ಲಿಂದ ಅವರು ತಂದದ್ದು ಒಂದೇ ಒಂದು ಸಾಮಾನು, ಬಿಳಿ ಪಿಂಗಾಣಿಯ ಪುಟ್ಟ ಕುಟ್ಟಾಣಿ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಬುಗುರಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ ಎಂದು ಮಕ್ಕಳ ಡಾಕ್ಟರು ಹೇಳಿದ ದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದವನು ದರ್ಜಿಯೇ. ಡಾಕ್ಟರಮ್ಮ ಒಂದು ಕ್ಯಾಪ್ಸೂಲು ಬರೆದುಕೊಟ್ಟರು. ಬೆಳಿಗ್ಗೆ ಒಂದು, ಸಂಜೆಯವರೆಗೆ ಕೆಲಸ ಮಾಡುತ್ತದೆ. ನುಂಗಲು ಬಾರದಿದ್ದರೆ ಬಿಚ್ಚಿ, ಒಳಗಿನ ಕಾಳನ್ನು ತಣ್ಣನೆಯ ಮೊಸರಿನ ಮೇಲೆ ಉದುರಿಸಿ ತಿನ್ನಿಸಿ, ಕಾಳನ್ನು ಅಗಿಯಬಾರದು, ಅರೆಯಬಾರದು ಎಂದರು. ದರ್ಜಿ ತಲೆಯಾಡಿಸಿದ. ಮನೆಗೆ ಬಂದು ಅತ್ತೆಯ ಕೈಗೆ ಮಾತ್ರೆಯ ಡಬ್ಬಿ ಕೊಟ್ಟು, "ಅತ್ತೇ, ಬಿಚ್ಚಿ ಮೊಸರಲ್ಲಿ ಕೊಡಬೇಕಂತೆ" ಎಂದಷ್ಟೇ ಹೇಳಿ ಮಿಷನ್ನಿಗೆ ಹೋಗಿ ಕೂತ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ದಿನಗಳಲ್ಲಿ ಶಾಲೆಯಿಂದ ಒಳ್ಳೆಯ ಸುದ್ದಿಯೇ ಬಂತು. ಬೆಳಗಿನ ಪಾಠಗಳಲ್ಲಿ ಹುಡುಗಿ ಗೊಂಬೆಯ ಹಾಗೆ ಕೂರುತ್ತಾಳೆ ಎಂದರು. ಗೊಂಬೆಯ ಹಾಗೆ ಎನ್ನುವ ಮಾತು ದರ್ಜಿಗೆ ಯಾಕೋ ಹಿಡಿಸಲಿಲ್ಲ. ಆಮೇಲೆ ಶುರುವಾಯಿತು ಮಧ್ಯಾಹ್ನದ ಕಾಟ. ಊಟದ ಗಂಟೆ ಹೊಡೆದ ಮೇಲೆ ಬುಗುರಿ ಮೊದಲಿನ ಬುಗುರಿಯೂ ಅಲ್ಲ. ಕಾರಣವಿಲ್ಲದೆ ಅಳು, ಪಕ್ಕದವಳ ಪೆನ್ಸಿಲ್ ಮುರಿಯುವುದು, ಮೇಜಿನ ಕೆಳಗೆ ನುಗ್ಗಿ ಕೂರುವುದು. ಹೆಡ್‌ಮಿಸ್ಸು ದರ್ಜಿಯನ್ನು ಕರೆಸಿ ಕಡ್ಡಿ ಮುರಿದಂತೆ ಹೇಳಿದರು:

"ನೋಡಿ, ಪರೀಕ್ಷೆ ಮುಗಿಯೋವರೆಗೆ ನಾವು ತಡ್ಕೋತೀವಿ. ಆಮೇಲೂ ಹೀಗೇ ಆದ್ರೆ ದಿನಾ ಊಟದ ಹೊತ್ತಿಗೆ ಬಂದು ಕರ್ಕೊಂಡು ಹೋಗಿ. ಅರ್ಧ ದಿನದ ಶಾಲೆ ಸಾಕು ಅವಳಿಗೆ."

ಅರ್ಧ ದಿನದ ಶಾಲೆ ಎಂದರೆ ಅರ್ಧ ಓದು. ಅರ್ಧ ಓದಿನವರ ಪಾಡು ಏನು ಎನ್ನುವುದು, ಶಾಲೆ ಅರ್ಧಕ್ಕೇ ಬಿಟ್ಟು ಸೂಜಿ ಹಿಡಿದ ದರ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಧ್ಯಾಹ್ನ ಕೆಡುತ್ತದೆ ಎಂದರೆ ತಪ್ಪು ಊಟದ ಡಬ್ಬಿಯಲ್ಲೇ ಇದೆ, ಇನ್ನೆಲ್ಲಿ? ಹಾಗೆಂದು ದರ್ಜಿ ತೀರ್ಮಾನಿಸಿದ. ರಿಪೇರಿ ಅಂಗಡಿಯಲ್ಲಿ ಬುದ್ಧಿವಾದಕ್ಕೆ ಬರವೇ? ಪ್ಯಾಂಟಿನ ಅಳತೆ ಕೊಡುತ್ತಾ ಒಬ್ಬ, "ಸಕ್ಕರೆ ನಿಲ್ಲಿಸ್ರೀ, ನನ್ನ ಷಡ್ಡಕನ ಮಗ ಸಕ್ಕರೆ ಬಿಟ್ಟ ಮೇಲೆ ಋಷಿ ಆಗ್ಬಿಟ್ಟ" ಎಂದ. ಸಕ್ಕರೆ ಹೋಯಿತು. ಕೋಟಿನ ಗುಂಡಿ ಹಾಕಿಸಲು ಬಂದವಳು, "ಬಣ್ಣದ ತಿಂಡಿ ವಿಷ ಕಣಣ್ಣ" ಎಂದಳು. ಬಣ್ಣದ್ದೆಲ್ಲ ಹೋಯಿತು. ಜಿಮ್ಮಿನ ಹುಡುಗನೊಬ್ಬ ಹಾಲು ಎಂದ. ಹಾಲು ಹೋಯಿತು, ಮಾತ್ರೆಗೆಂದು ಒಂದು ಚಮಚ ಮೊಸರು ಮಾತ್ರ ಉಳಿಯಿತು. ಮೊಟ್ಟೆಯ ಮೇಲೆ ಯಾರು ಚಾಡಿ ಹೇಳಿದರೋ, ಅದೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ ಡಬ್ಬಿಯ ಮೇಲೆ ಬರೆಯ ಮೇಲೆ ಬರೆ.

"ಅಪ್ಪಾ, ಬೆಂಡೆಕಾಯೀನ ಯಾರೂ ಬೈಯಲ್ವಾ?" ಎಂದು ಬುಗುರಿ ಕೇಳಿದಳು.

"ಇಲ್ಲ ಪುಟ್ಟಾ, ಬೆಂಡೆಕಾಯಿ ಒಳ್ಳೇದು."

"ಛೇ. ನನಗೆ ಇಷ್ಟ ಆಗೋದನ್ನೇ ಎಲ್ಲರೂ ಬೈತಾರೆ. ಅಪ್ಪಾ, ಬೆಳಿಗ್ಗೆ ಮೊಸರು ಕಹಿ. ಅಪ್ಪಾ, ಆ ನೂಲಿನ ಉಂಡೆ ಬಿಚ್ಚಿದ್ರೆ ಬಸ್ ಡಿಪೋವರೆಗೆ ಹೋಗುತ್ತಾ? ಅಮ್ಮನ ಬಸ್ಸಿಗೆ ಕಟ್ಟೋಣ್ವಾ?"

"ಮೊದಲು ಬಾಯಿ ಮುಚ್ಕೊಂಡು ತಿನ್ನು."

ಮೊಸರು ಕಹಿ ಎಂದದ್ದು ನೂಲಿನ ಉಂಡೆಯ ಜೊತೆ ಉರುಳಿಹೋಯಿತು.

ಹೆಂಡತಿಗೆ ಈ ಪಥ್ಯದ ಮೇಲೆ ನಂಬಿಕೆ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತು, "ಏನ್ರೀ, ಇವತ್ತು ಯಾವುದನ್ನ ಮನೆಯಿಂದ ಓಡಿಸಿದ್ರಿ? ನೀರು ಉಳ್ಕೊಂಡಿದ್ಯಾ?" ಎಂದು ಕುಟುಕುತ್ತಿದ್ದಳು.

"ನಿನಗೇನೇ, ಬಸ್ಸು ಹತ್ತಿ ಹೋಗ್ಬಿಡ್ತೀಯ. ಹೆಡ್‌ಮಿಸ್ಸಿನ ಮುಂದೆ ಕೈಕಟ್ಟಿ ನಿಲ್ಲೋನು ನಾನು."

"ಬಸ್ಸಲ್ಲಿ ನನ್ನ ಬೆನ್ನ ಹಿಂದೆ ಕಾಲಿಡೋಕೆ ಜಾಗ ಇಲ್ಲದಷ್ಟು ಜನ ಕಿರುಚ್ತಿರ್ತಾರೆ. ಎಲ್ಲರ ಮಾತು ಕೇಳ್ಕೊಂಡು ಸ್ಟೇರಿಂಗ್ ತಿರುಗಿಸಿದ್ರೆ ಬಸ್ಸು ಚರಂಡೀಲಿರುತ್ತೆ. ನೀವು ಮಾಡ್ತಿರೋದು ಅದೇ."

ಮಾತಿನಲ್ಲಿ ಸೋತ ದರ್ಜಿ ಮಿಷನ್ನಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಸೂಜಿ ಮುರಿಯುತ್ತಿತ್ತು. ಆದರೆ ಒಂದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಬುಗುರಿಯ ಸ್ಕರ್ಟಿನ ಸೊಂಟವನ್ನು ಅವನು ಒಮ್ಮೆ ಒಳಗೆ ಹಿಡಿದಿದ್ದ, ಮತ್ತೊಮ್ಮೆ ಹಿಡಿದಿದ್ದ. ಬೆಳೆಯುವ ಮಗುವಿನ ಬಟ್ಟೆಯನ್ನು ಬಿಚ್ಚಿಕೊಡಬೇಕೇ ಹೊರತು ಹಿಡಿಯುವುದಲ್ಲ ಎನ್ನುವುದು ಸೂಜಿ ಹಿಡಿದ ಮೊದಲ ದಿನವೇ ಕಲಿಯುವ ಪಾಠ.

ಹೀಗಿರುವಾಗ ಕಾಂಪೌಂಡರಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಬಲಗೈ ಮಣಿಕಟ್ಟು ಉಳುಕಿ ಊದಿಕೊಂಡಿತು. ಪಟ್ಟಿ ಕಟ್ಟಿಸಿಕೊಂಡು, ಎಡಗೈಯಲ್ಲೇ ಮನೆಕೆಲಸ ನಡೆಸಿದರು. ಬೇಡ ಎಂದರೆ ಕೇಳುವ ಜೀವವೇ ಅದು? ಬಿದ್ದ ಮಾರನೇ ದಿನವೇ ದರ್ಜಿಯ ಅಂಗಡಿಗೆ ಬಂದ ಗಿರಾಕಿಯೊಬ್ಬರು, "ಎಲ್ಲಾ ಬಿಟ್ಟಿದ್ದೀರಿ, ಗೋಧಿ ಬಿಟ್ಟಿಲ್ಲವಲ್ಲ! ಬ್ರೆಡ್ಡೇ ಮೂಲ" ಎಂದರು. ಬ್ರೆಡ್ಡು ಹೋಯಿತು, ಬಿಸ್ಕತ್ತು ಹೋಯಿತು.

ಆ ವಾರ ಶಾಲೆಯಿಂದ ಒಂದು ದೂರೂ ಇಲ್ಲ. ಸಂಜೆ ಬುಗುರಿ ಎರಡೂ ಜಡೆ ಉಳಿಸಿಕೊಂಡು ಮನೆಗೆ ಬಂದಳು. ಮಧ್ಯಾಹ್ನದ ಗಣಿತ ಮಾಡಿದಳಂತೆ, ತಪ್ಪುತಪ್ಪಾಗಿ, ಆದರೆ ಕೂತುಕೊಂಡು. ಮುಂದಿನ ವಾರವೂ ಹಾಗೇ.

ದರ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂಗಡಿಗೆ ಕಾಲಿಟ್ಟವರಿಗೆಲ್ಲ ಅದೇ ಪಾರಾಯಣ. "ಬ್ರೆಡ್ಡು ಬಿಡಿಸಿದೆ ನೋಡಿ, ಸ್ವಿಚ್ ಆರಿಸಿದ ಹಾಗೆ!" ಒಬ್ಬ ಅದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಹೋದ. ದರ್ಜಿ ಕಾಲರ್ ಸರಿ ಮಾಡಿಕೊಂಡು, ಇನ್ನೊಂದು ಸಲ ಮೊದಲಿನಿಂದ ಹೇಳಿಕೊಟ್ಟ. ಬೆಂಚಿನ ಮೇಲಿದ್ದ ನಾನೇ ಭೇಷ್ ಎಂದೆ, ಸುಳ್ಳೇಕೆ ಹೇಳಲಿ. ಹೆಂಡತಿ ಕೂಡ ಸುಮ್ಮನಾದಳು. ಅವಳನ್ನು ಸುಮ್ಮನಾಗಿಸಿದ್ದೇ ಅವನಿಗೆ ಅರ್ಧ ಗೆಲುವು.

ಕಾಂಪೌಂಡರಮ್ಮನ ಕೈ ವಾಸಿಯಾಯಿತು. ಪಟ್ಟಿ ಬಿಚ್ಚಿದರು. ಪರದೆಯ ಆಚೆ ಬೆಳಿಗ್ಗೆ ಮತ್ತೆ ಟಕ್ ಟಕ್ ಎಂದು ಹಳೇ ಸದ್ದು ಕೇಳಿತು. ಮೆಣಸೋ ಏಲಕ್ಕಿಯೋ ಕುಟ್ಟುತ್ತಿದ್ದಾರೆ, ಅಂತೂ ಕೈ ಸರಿಹೋಯಿತು ಎಂದು ದರ್ಜಿ ಸಂತೋಷಪಟ್ಟ.

ಅದೇ ದಿನ ಮಧ್ಯಾಹ್ನ ಶಾಲೆಯಿಂದ ಫೋನು. ಬುಗುರಿ ಕ್ಲಾಸಿನ ಬೀರುವಿನ ಮೇಲೆ ಹತ್ತಿ ಕೂತು ಅಳುತ್ತಿದ್ದಾಳೆ, ಇಳಿಯುತ್ತಿಲ್ಲ.

ಬೀರುವಿನಿಂದ ಇಳಿಸಿ ಕರೆದುಕೊಂಡು ಬಂದ ದರ್ಜಿ ಮನೆಯಲ್ಲಿ ಪೊಲೀಸ್ ವಿಚಾರಣೆ ಶುರು ಮಾಡಿದ. "ಬ್ರೆಡ್ಡು ಯಾರು ಕೊಟ್ಟದ್ದು? ಬಿಸ್ಕತ್ತು ಕೊಟ್ರಾ? ಪಕ್ಕದ ಮನೇಲಿ ಕೇಕು ತಿಂದ್ಯಾ?" ಮಗಳು ಇಲ್ಲ ಎಂದಳು. ಅವನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಮೂಸಿದ. ಕೊನೆಗೆ ಅತ್ತೆಯ ಕಡೆ ತಿರುಗಿದ.

"ಅತ್ತೇ, ನಿಮ್ಮ ಕೈ ಸರಿ ಹೋದ ದಿನಾನೇ ಇವಳು ಕೆಟ್ಟಿದ್ದು. ಮುದ್ದಿಗೆ ಅಂತ ಏನಾದ್ರೂ ಮಾಡಿ ಹಾಕಿದ್ರಾ?"

ನೋಡಿ, ಬಾಣ ಸರಿಯಾದ ದಿಕ್ಕಿಗೇ ಹೋಗಿತ್ತು, ಗುರಿ ಮಾತ್ರ ಒಂದು ಗೇಣು ಪಕ್ಕ.

"ಅಳಿಯಂದ್ರೇ," ಎಂದರು ಕಾಂಪೌಂಡರಮ್ಮ, "ಪಥ್ಯ ಅಂದ್ರೆ ಏನು ಅಂತ ನನಗೆ ಪಾಠ ಹೇಳ್ಬೇಡಿ. ಒಂದು ಚೂರು ಬೆಲ್ಲ ಕೂಡ ಕೊಟ್ಟಿಲ್ಲ. ಮೊಸರು, ಮಾತ್ರೆ, ಅಷ್ಟೇ." ಎದ್ದು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

"ನಮ್ಮಮ್ಮನ ಮೇಲೇ ಬಂತಾ ನಿಮ್ಮ ಪಥ್ಯ?" ಎಂದು ಹೆಂಡತಿ ಎರಡು ದಿನ ಮಾತು ಬಿಟ್ಟಳು. ಫೋನುಗಳು ಮಾತ್ರ ಬಿಡಲಿಲ್ಲ. ಶಾಲೆಯಿಂದ ದಿನಾ ಮಧ್ಯಾಹ್ನ ಬರುತ್ತಲೇ ಇದ್ದವು. ದರ್ಜಿಗೆ ತೆಗೆಯಲು ಇನ್ನೇನೂ ಉಳಿದಿರಲಿಲ್ಲ. ಬಟ್ಟೆ ತೊಟ್ಟವನ ಮೈಯಿಂದ ಒಂದೊಂದೇ ಕಿತ್ತು, ಕೊನೆಗೆ ಚರ್ಮಕ್ಕೆ ಬಂದು ನಿಂತ ಹಾಗಾಗಿತ್ತು ಅವನ ಪಾಡು. ಪರೀಕ್ಷೆ ಹತ್ತಿರ ಬಂತು. ಮಗಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದ.

ಡಾಕ್ಟರಮ್ಮ ಬುಗುರಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಖ ಬಿಗಿಯಾಯಿತು. "ಏನು ತಿನ್ನಿಸ್ತಾ ಇದೀರಿ ಇವಳಿಗೆ?"

ದರ್ಜಿ ಏನೇನು ತಿನ್ನಿಸುತ್ತಿಲ್ಲ ಎನ್ನುವುದನ್ನು ಹೇಳಿದ. ಹೆಮ್ಮೆಯಿಂದ ಶುರು ಮಾಡಿದವನ ದನಿ ಹೋಗುತ್ತಾ ಹೋಗುತ್ತಾ ಇಳಿಯಿತು.

"ಸಕ್ಕರೆ ಕಡಿಮೆ ಮಾಡಿ, ಬೈಯಲ್ಲ. ಹಾಲು, ಮೊಟ್ಟೆ, ಬ್ರೆಡ್ಡು ಎಲ್ಲಾ ಕಿತ್ಕೊಂಡ್ರೆ ಮಗು ಏನು ತಿನ್ಬೇಕು, ಗಾಳೀನಾ? ಮೊದಲೇ ಈ ಮಾತ್ರೆ ಮಧ್ಯಾಹ್ನದ ಹಸಿವನ್ನ ತಿಂದುಹಾಕುತ್ತೆ. ಹೀಗೇ ತೂಕ ಇಳಿದ್ರೆ ನಾನು ಮಾತ್ರೆ ನಿಲ್ಲಿಸ್ಬೇಕಾಗುತ್ತೆ."

"ನಿಲ್ಲಿಸಿದ್ರೆ ಶಾಲೆಯವರು ಇವಳನ್ನ ಅರ್ಧ ದಿನಕ್ಕೇ ಮನೆಗೆ ಕಳಿಸ್ತಾರೆ ಡಾಕ್ಟ್ರೇ!" ದರ್ಜಿಯ ತಾಳ್ಮೆ ಹರಿಯಿತು. "ಕೊಟ್ಟರೂ ಮಧ್ಯಾಹ್ನ ಕೆಡ್ತಾಳೆ. ತಿಂದರೂ ಕೆಡ್ತಾಳೆ, ಬಿಟ್ಟರೂ ಕೆಡ್ತಾಳೆ. ನಡುವೆ ಎರಡು ವಾರ ಚಿನ್ನದಂಥ ಮಗು. ಯಾಕೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಬಟ್ಟೆ ಆಗಿದ್ರೆ ತಿರುವಿ ಹಾಕಿ ಎಲ್ಲಿ ಹೊಲಿಗೆ ಬಿಟ್ಟಿದೆ ನೋಡ್ತಿದ್ದೆ. ಮಗಳನ್ನ ಹೇಗೆ ತಿರುವಿ ನೋಡ್ಲಿ?"

ಬುಗುರಿ ಅಷ್ಟು ಹೊತ್ತಿಗೆ ಡಾಕ್ಟರ ತಿರುಗುಕುರ್ಚಿಯ ಮೇಲಿದ್ದಳು. ಒಂದು ಸುತ್ತು ಸುತ್ತಿ, "ಆಗ ಮೊಸರು ಕಹಿ ಇರ್ಲಿಲ್ಲ" ಎಂದಳು. ಇನ್ನೊಂದು ಸುತ್ತು. "ಡಾಕ್ಟರ್ ಆಂಟೀ, ಈ ಕುರ್ಚಿಗೆ ಎಣ್ಣೆ ಹಾಕ್ತೀರಾ?"

"ಸುಮ್ನಿರೇ" ಎಂದ ದರ್ಜಿ.

"ನೀವು ಸುಮ್ನಿರಿ" ಎಂದರು ಡಾಕ್ಟರಮ್ಮ. ಕಾಲು ಅಡ್ಡ ಇಟ್ಟು ಕುರ್ಚಿ ನಿಲ್ಲಿಸಿದರು. "ಯಾವಾಗ ಕಹಿ ಇರ್ಲಿಲ್ಲ ಪುಟ್ಟಾ?"

"ಅಜ್ಜಿ ಕೈಗೆ ಪಟ್ಟಿ ಕಟ್ಟಿತ್ತಲ್ಲ, ಆಗ. ಆಗ ಕಾಳು ಹಾಗೇ ಹಾಕ್ತಿದ್ಲು. ಈಗ ಮತ್ತೆ ಕುಟ್ತಾಳೆ, ಟಕ್ ಟಕ್ ಟಕ್. ಪುಡಿ ಆಗುತ್ತೆ. ಅಪ್ಪಂಗೆ ಹೇಳಿದೀನಿ. ಅಪ್ಪ ಗಮನ ಕೊಡಲ್ಲ."

ಅಪ್ಪ ಗಮನ ಕೊಡಲ್ಲ! ಇಡೀ ಶಾಲೆ ಆ ಮಾತನ್ನು ಯಾರ ಮೇಲೆ ಹೊರಿಸಿತ್ತು, ಅದು ಈಗ ಯಾರ ತಲೆಯ ಮೇಲೆ ಬಂದು ಕೂತಿತು ನೋಡಿ.

 ಡಾಕ್ಟರಮ್ಮ ಒಂದು ಖಾಲಿ ಹಾಳೆಯ ಮೇಲೆ ಕ್ಯಾಪ್ಸೂಲೊಂದನ್ನು ಬಿಚ್ಚಿ ಸುರಿದರು. ಸಾಸಿವೆಗಿಂತ ಸಣ್ಣ ಕಾಳುಗಳು ಚೆಲ್ಲಿದವು.

"ಇವಕ್ಕೆಲ್ಲ ಒಂದೊಂದು ಪದರ ಸುತ್ತಿರ್ತಾರೆ. ಕೆಲವು ಬೇಗ ಕರಗುತ್ತೆ, ಕೆಲವು ಮಧ್ಯಾಹ್ನದ ಕಡೆ ಕರಗುತ್ತೆ. ಕುಟ್ಟಿದ್ರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಹೋಗುತ್ತೆ. ಬೆಳಿಗ್ಗೆ ಕಲ್ಲಿನ ಗೊಂಬೆ, ಮಧ್ಯಾಹ್ನಕ್ಕೆ ಏನೂ ಉಳಿದಿರಲ್ಲ. ಇದು ಆಟ ಅಲ್ಲ, ಮಗುವಿನ ಎದೆಬಡಿತಕ್ಕೇ ತೊಂದರೆ ಆಗ್ಬಹುದಿತ್ತು. ಅರೀಬಾರದು ಅಂತ ಮೊದಲ ದಿನವೇ ನಿಮಗೆ ಹೇಳಿದ್ದೆ."

"ಹೇಳಿದ್ರಿ" ಎಂದ ದರ್ಜಿ. 

ಅವರು ಬುಗುರಿಯ ನಾಡಿ ಹಿಡಿದು, ಎದೆಗೆ ಯಂತ್ರ ಇಟ್ಟು, ರಕ್ತದೊತ್ತಡ ನೋಡಿ, ಸದ್ಯಕ್ಕೆ ಅಪಾಯವಿಲ್ಲ ಎಂದರು. "ಮಾತ್ರೆ ನಿಲ್ಲಿಸ್ಬೇಕೋ ಬೇಡವೋ ಅಂತ ಈಗ ಹೇಗೆ ಹೇಳ್ಲಿ? ಇಷ್ಟು ದಿನ ನೀವು ಕೊಟ್ಟಿದ್ದು ನಾನು ಬರೆದ ಮಾತ್ರೆಯೇ ಅಲ್ಲ. ಕಾಳು ಹಾಗೇ ಕೊಡಿ. ಮಾತ್ರೆಗೆ ಮೊದಲು ಹೊಟ್ಟೆ ತುಂಬಾ ತಿನ್ನಿಸಿ, ಸಂಜೆ ಹಸಿವು ಬಂದಾಗ ಮತ್ತೆ ತಿನ್ನಿಸಿ. ತೂಕ ಏರಿದ್ರೆ ಮುಂದುವರಿಸೋಣ."

ದಾರಿಯುದ್ದಕ್ಕೂ ದರ್ಜಿ ಅತ್ತೆಗೆ ಬೈಯಲು ಮಾತು ಜೋಡಿಸಿದ. ಒಂದಕ್ಕಿಂತ ಒಂದು ಹರಿತ. ಮನೆ ಹೊಕ್ಕಾಗ ಕಾಂಪೌಂಡರಮ್ಮ ಕುಟ್ಟಾಣಿಯನ್ನು ತೊಳೆದು, ಸೆರಗಿನಿಂದ ಒರೆಸುತ್ತಾ ಕೂತಿದ್ದರು. ಅವನ ಬಾಯಿಂದ ಬಂದದ್ದು ಇಷ್ಟೇ:

"ಅತ್ತೇ, ಕುಟ್ಟಬಾರದಂತೆ."

"ಏನನ್ನ?"

"ಮಾತ್ರೆ."

"ನಿಮ್ಮ ಡಾಕ್ಟರು ತೊಟ್ಟಿಲಲ್ಲಿದ್ದಾಗಿಂದ ನಾನು ಮಾತ್ರೆ ಕುಟ್ತಾ ಇದೀನಿ. ಕಾಳು ಗಂಟಲಿಗೆ ಸಿಕ್ಕೀತು, ಮಗು ಕೆಮ್ಮೀತು ಅಂತ ನುಣ್ಣಗೆ..."

ದರ್ಜಿ ಕಾಳಿನ ವಿಷಯ, ಪದರದ ವಿಷಯ, ಎದೆಬಡಿತದ ವಿಷಯ ಹೇಳಿದ. ಕಾಂಪೌಂಡರಮ್ಮನ ಒರೆಸುವ ಕೈ ನಿಂತಿತು. ಅವರ ಕಾಲದಲ್ಲಿ ಇಂಥ ಕಾಳೇ ಇರಲಿಲ್ಲ. ಕುಟ್ಟಾಣಿಯನ್ನು ಕೆಳಗಿಟ್ಟು ಕೇಳಿದರು:

"ಡಾಕ್ಟರು ಇದನ್ನ ಮೊದಲ ದಿನ ಹೇಳಿದ್ರಾ?"

"ಹೇಳಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕಾಂಪೌಂಡರು. ಮಾತ್ರೆ ಹೇಗೆ ಕೊಡ್ಬೇಕು ಅಂತ ನಿಮಗೆ ನಾನು ಹೇಗೆ ಹೇಳ್ಲಿ ಅತ್ತೇ?"

"ಬಾಯಿಂದ!" ಎಂದು ಕಾಂಪೌಂಡರಮ್ಮ ಗುಡುಗಿದರು. "ಬಾಯಿಂದ ಹೇಳ್ಬೇಕು! ನನಗೆ ಮರ್ಯಾದೆ ಕೊಡೋಕೆ ಹೋಗಿ ನನ್ನ ಕೈಯಿಂದಲೇ ಆ ಕೂಸಿಗೆ ಹಾಗೆ ಮಾಡಿಸಿದ್ರಲ್ಲ. ನೀವು ಹೇಳಿದ್ದಿದ್ರೆ ಎರಡು ದಿನ ಉರ್ಕೋತಿದ್ದೆ, ಅಷ್ಟೇ ತಾನೆ?"

ಬಾಗಿಲಲ್ಲಿ ಖಾಕಿ ಅಂಗಿಯಲ್ಲಿ ನಿಂತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಇಬ್ಬರಿಗೂ ಬೈದಳು. ಏನು ಬೈದಳು ಎನ್ನುವುದನ್ನು ಹೇಳುವುದಿಲ್ಲ; ಬಸ್ಸಿನ ಡ್ರೈವರು ಸಿಗ್ನಲ್ಲಿನಲ್ಲಿ ಬೈಯುವ ಭಾಷೆ, ಮಕ್ಕಳೂ ಕೇಳುತ್ತಿರಬಹುದು.

ಮರುದಿನ ಬೆಳಿಗ್ಗೆ ಬುಗುರಿ ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು ತಿಂದಳು. ಕಾಂಪೌಂಡರಮ್ಮ ಕಾಳನ್ನು ಮೊಸರಿನ ಮೇಲೆ ಉದುರಿಸಿ, ಅಗಿಯದೆ ನುಂಗು ಎಂದು ಹೇಳಿ, ಅವಳು ನುಂಗುವವರೆಗೂ ಬಾಯನ್ನೇ ನೋಡುತ್ತಾ ನಿಂತರು. ಆಮೇಲೆ ಪರದೆ ಸರಿಸಿ ಬಂದು ಕುಟ್ಟಾಣಿಯನ್ನು ದರ್ಜಿಯ ಮೇಜಿನ ಮೇಲೆ ಕುಕ್ಕಿ, "ಇದರಲ್ಲಿ ನಿಮ್ಮ ಗುಂಡಿ ಹಾಕಿಟ್ಕೊಳ್ಳಿ" ಎಂದು ಹೋದರು.

ಪರೀಕ್ಷೆ ಮುಗಿಯಿತು. ಹೆಡ್‌ಮಿಸ್ಸು ಇಡೀ ದಿನ ಇರಲಿ ಎಂದರು. ಹಾಗೆಂದು ಬುಗುರಿ ಋಷಿಯಾದಳು ಎಂದುಕೊಳ್ಳಬೇಡಿ. ನೀರಿನ ಬಾಟಲಿ ಕಳೆಯುತ್ತಾಳೆ, ಒಂದು ಜಡೆ ಆಗಾಗ ಬಿಚ್ಚಿರುತ್ತದೆ, ದರ್ಜಿ ಈಗಲೂ ಗಂಟಲು ಹರಿದುಕೊಳ್ಳುತ್ತಾನೆ. ಆದರೆ ಸ್ಕರ್ಟಿನ ಸೊಂಟದ ಹೊಲಿಗೆಯನ್ನು ಅವನು ಬಿಚ್ಚಿದ್ದನ್ನು ನಾನು ಬೆಂಚಿನಿಂದ ನೋಡಿದೆ. ಬ್ಲೇಡಿನಿಂದ ಎಳೆ ಎಳೆಯಾಗಿ ಬಿಚ್ಚಿದ.

ಅವನ ಸಿಟ್ಟು ಈಗ ಬೇರೆ. ಆ "ಬ್ರೆಡ್ಡು ಬಿಡಿಸಿದೆ ನೋಡಿ" ಎನ್ನುವ ರೆಕಾರ್ಡು ಇದೆಯಲ್ಲ, ಅದು ಫೋನಿನಿಂದ ಫೋನಿಗೆ ಇನ್ನೂ ಓಡುತ್ತಿದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಕಣ್ರೀ, ಬ್ರೆಡ್ಡಿನದೇನೂ ತಪ್ಪಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ಯಾರೂ ಅದನ್ನು ರೆಕಾರ್ಡು ಮಾಡಿಕೊಳ್ಳುವುದಿಲ್ಲ. ಮೊನ್ನೆ ಅಂಗಡಿಗೆ ಒಬ್ಬಳು ತಾಯಿ ಬಂದಳು, ಮಗನ ಪ್ಯಾಂಟಿನ ಸೊಂಟ ಒಳಗೆ ಹಿಡಿಸಲು. ಯಾಕಮ್ಮ ಎಂದರೆ, ಎಲ್ಲೋ ಒಬ್ಬ ದರ್ಜಿ ಹೇಳಿದ್ದಾನಂತೆ, ಬ್ರೆಡ್ಡು ಬಿಡಿಸಿದ್ದೇವೆ ಎಂದಳು.

ಅದಕ್ಕೇ ಇಷ್ಟು ಹೊತ್ತು ನನ್ನ ಗಂಟಲು ಒಣಗಿಸಿಕೊಂಡದ್ದು. ಆ ರೆಕಾರ್ಡು ನಿಮಗೆ ಯಾರು ಕಳಿಸಿದ್ದರೋ ಅವರಿಗೆ ನನ್ನ ಈ ಮಾತಿನ ರೆಕಾರ್ಡನ್ನೂ ಕಳಿಸಿ. ನೀವು ಅದನ್ನು ಯಾರಿಗೆ ಕಳಿಸಿದ್ದಿರೋ, ಅವರಿಗೆ ಮೊದಲು.